ಒಳಜೇಬು

ಇಪ್ಪತ್ತಾರು ವರ್ಷ ಬ್ರಾ ಹೊಲಿದವಳು ನಾನು,
ಲೆಸ್ಟರಿನ ಕಾರ್ಖಾನೆಯ ಎರಡನೇ ಮಹಡಿಯಲ್ಲಿ.
ಕಂಡವರ ಎದೆಯಳತೆಯೆಲ್ಲ ಬೆರಳ ತುದಿಯಲ್ಲಿತ್ತು,
ನನ್ನದನ್ನು ಒಂದು ಸಲ ಮುಟ್ಟಿ ನೋಡಿರಲಿಲ್ಲ.

ನಮ್ಮಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.
ಕಂಪಾಲಾದಲ್ಲಿ ಅಮ್ಮ 'ಮೇಲೆ' ಅನ್ನುತ್ತಿದ್ದಳು.
ಅತ್ತೆ ಅಷ್ಟನ್ನೂ ಅನ್ನಲಿಲ್ಲ, ಸೆರಗು ಸರಿಮಾಡಿದಳು.
ದೊಡ್ಡಮ್ಮ ಸತ್ತಾಗ ಹೊಟ್ಟೆನೋವು ಅಂದರು.
ಹೊಟ್ಟೆನೋವಿಗೆ ರವಿಕೆಯ ಎಡಭಾಗ ಒದ್ದೆಯಾಗುತ್ತದೆಯೆ?
ಕೇಳಬಾರದು ಅಂತ ಗೊತ್ತಿತ್ತು,
ಒಂಬತ್ತು ವರ್ಷಕ್ಕೇ.

ಮೂರು ವರ್ಷಕ್ಕೊಂದು ಕಾಗದ ಬರುತ್ತಿತ್ತು,
ನನ್ನ ಹೆಸರು ತಪ್ಪಾಗಿ ಬರೆದು.
ಮೊದಲನೆಯದರ ಮೇಲೆ ಹಿಟ್ಟಿನ ಡಬ್ಬಿ ಇಟ್ಟೆ.
ಎರಡನೆಯದರ ಬೆನ್ನಿಗೆ ಮದುವೆಯೂಟದ ಲೆಕ್ಕ:
ಕಡಲೆಹಿಟ್ಟು ಹತ್ತು ಕಿಲೊ, ಏಲಕ್ಕಿ ಕಾಲು.
ಮೂರನೆಯದನ್ನು ಸೊಸೆ ಓದಿದಳು, ಗಟ್ಟಿಯಾಗಿ,
ಗಂಡಸರೆಲ್ಲ ಊಟಕ್ಕೆ ಕೂತಿದ್ದಾಗ.
ನಮ್ಮವರು ಟಿವಿಯ ಸದ್ದು ಏರಿಸಿದರು.
ಅವಳು ಅದಕ್ಕಿಂತ ಏರಿಸಿದಳು.

ಅಂಗಡಿಯ ಕಾರು ನಿಲ್ಲಿಸುವ ಜಾಗದಲ್ಲಿ ವ್ಯಾನು,
ವ್ಯಾನಿನೊಳಗೆ ತಣ್ಣನೆಯ ತಟ್ಟೆ.
ರೊಟ್ಟಿ ಒತ್ತಿದ ಹಾಗೆ ಒತ್ತಿದರು.
ನೋಯಿತೆ ಅಂದರೆ ನೋಯಿತು, ಸುಳ್ಳು ಯಾಕೆ.
ನಾಲ್ಕು ಸಲ, ಉಸಿರು ಹಿಡಿದುಕೊಳ್ಳುವಷ್ಟು ಹೊತ್ತು.
ಹೆಸರುಕಾಳಿನಷ್ಟು,
ಒಂದಲ್ಲ, ಮೂರು.

ಎಡದ್ದನ್ನು ತೆಗೆದರು.
ಕೂದಲು ಹೋಯಿತು, ಬಂತು, ಬಂದದ್ದು ಗುಂಗುರು,
ಯಾರದೋ ತಲೆ ನನಗಿಟ್ಟ ಹಾಗೆ.
ಮಂದಿರದಲ್ಲಿ ಭಾನುಬೆನ್ ಪ್ರಸಾದವನ್ನು
ಎತ್ತರದಿಂದ ಹಾಕಿದಳು, ಕೈ ತಾಗದಂತೆ.
ಅಂಟುರೋಗವಲ್ಲ ಕಣೇ ಅನ್ನಬಹುದಿತ್ತು.
ತಿಂದು, ಕೈ ತೊಳೆದು ಬಂದೆ.

ಆಸ್ಪತ್ರೆಯವರು ಕೊಟ್ಟ ಸಿಲಿಕಾನ್ ಗಡ್ಡೆ ಜಾರುತ್ತಿತ್ತು.
ಕಾರ್ಖಾನೆ ಮುಚ್ಚಿ ಎಷ್ಟೋ ಕಾಲ, ಕೈ ಮರೆತಿರಲಿಲ್ಲ:
ಹಳೇ ಸೀರೆಯ ಮೆತ್ತನೆ ಬಟ್ಟೆ, ಒಳಗೊಂದು ಜೇಬು,
ಹೊಲಿಗೆಯ ಅಂಚು ಗಾಯಕ್ಕೆ ತಾಗದಂತೆ ಹೊರಮುಖ.
ಈಗ ಸಿಲ್ಹೆಟಿನ ಮೊಮೊತಾಜಳಿಗೂ ಹೊಲಿಯುತ್ತೇನೆ,
ಮೀನಿನಂಗಡಿಯ ಮಿಸೆಸ್ ಲಾವ್‌ಗೂ.
ಮಾತು ಬಾರದ ಕಡೆ ಅಳತೆ ಟೇಪು ಮಾತಾಡುತ್ತದೆ.
ಗಟ್ಟಿ ಎದೆಯವಳು ಅನ್ನುತ್ತಾರೆ ನನ್ನನ್ನು.
ಯಾವುದು, ಅಂತ ಕೇಳಬೇಕು ಅನ್ನಿಸುತ್ತದೆ.

ನಿನ್ನೆ ಬಾಗಿಲು ತಟ್ಟಿದವಳು ಭಾನುಬೆನ್.
ಕೈಯಲ್ಲಿ ಕಾಗದ, ಎಂಟು ಮಡಿಕೆ.
'ಏನು ನೋಡ್ತಾರೆ ಅಲ್ಲಿ?'
'ಮೊಲೆ' ಅಂದೆ.
ಅರವತ್ತೆಂಟನೇ ವಯಸ್ಸಿನಲ್ಲಿ, ಬಾಯಿತುಂಬ, ಮೊದಲ ಸಲ.
ಕಿಟಕಿ ತೆರೆದಿತ್ತು, ಬೀದಿಗೂ ಕೇಳಿಸಿರಬೇಕು.
ಅವಳ ಕೈ ಸೆರಗಿಗೆ ಹೋಯಿತು,
ಅರ್ಧದಲ್ಲಿ ನಿಂತಿತು.

ನಾಳೆ ಒಂಬತ್ತಕ್ಕೆ ಅವಳ ಸರದಿ.
ಸೀರೆ ಬೇಡ, ಗುಂಡಿಯಿರುವ ಅಂಗಿ ತೊಡು,
ಪೌಡರ್ ಹಾಕಬೇಡ, ಅಂದಿದ್ದೇನೆ.
ಬಸ್ಸಿನ ಚಿಲ್ಲರೆ ನನ್ನ ಹತ್ತಿರ ಇದೆ.