ಹಿರಿಯ ನಾಯಕತ್ವ ತಂಡ, ಪುಟ ಹದಿನಾಲ್ಕು

ಕರಾಕೊಯ್ ಇಳಿಜಾರಿನಲ್ಲಿ, ಬೀಗ ರಿಪೇರಿಯವನ ಅಂಗಡಿಯ ಕೆಳಗೆ
ನನ್ನ ನೆಲಮಾಳಿಗೆ. ಒಂದೇ ಕಿಟಕಿ,
ಅದರಲ್ಲಿ ಕಾಣುವುದು ದಾರಿಹೋಕರ ಪಾದ ಮಾತ್ರ.
ಮುಖಗಳು ನನಗೆ ಬರುವುದು ಕಡತದಲ್ಲಿ,
ಜನವರಿ ಕೊನೆಗೆ, ವಾರ್ಷಿಕ ವರದಿಯ ಹೊತ್ತಿಗೆ.

ಹನ್ನೊಂದು ಜನ. ಇಪ್ಪತ್ತೆರಡನೇ ಮಹಡಿ.
ಸಿಮೆಂಟು, ಹಡಗು, ಮೊಸರು, ವಿಮೆ,
ಬಚ್ಚಲಿನ ಟೈಲ್ಸು, ಎರಡು ಬಂದರು, ಒಂದು ಆಸ್ಪತ್ರೆ.
ಮೊದಲಿಗೆ ಇದ್ದದ್ದು ಇಜ್ಮಿತ್‌ನಲ್ಲಿ ಬರೀ ಮೊಳೆ ಅಂಗಡಿಯಂತೆ.
ಈಗ ಹಸುಗೂಸಿನ ಹಾಲಿನ ಪುಡಿಯಿಂದ ಹಿಡಿದು
ಗೋರಿಯ ಅಮೃತಶಿಲೆಯವರೆಗೆ
ಇವರಿಗೆ ಕಾಸು ಕೊಡದೆ ಈ ಊರಲ್ಲಿ ಯಾರೂ ದಾಟಿಲ್ಲ.
ನನ್ನ ಅಪ್ಪನೂ.

ನನ್ನ ಕೆಲಸ ಸಣ್ಣದು.
ಹಡಗಿನ ಓರ್ಹುನ್ ಬೇ ಅವರ ಗಲ್ಲದಡಿಯ ಜೋತನ್ನು ಎತ್ತುವುದು,
ಮೊಸರಿನವರ ಕನ್ನಡಕದಲ್ಲಿ ಕುಣಿಯುವ ದೀಪ ಆರಿಸುವುದು,
ಅಧ್ಯಕ್ಷರನ್ನು ಅವರ ಅಳಿಯನಿಗಿಂತ ಎರಡು ಬೆರಳು ಎತ್ತರ ಮಾಡುವುದು.
ಇದನ್ನು ಯಾರೂ ಬರೆದು ಕೊಟ್ಟಿಲ್ಲ;
ಒಂದು ವರ್ಷ ಮರೆತಿದ್ದೆ,
ಬಿಲ್ಲು ಆರು ತಿಂಗಳು ಪಾಸಾಗಲಿಲ್ಲ.

ಹೋದ ವರ್ಷ ಅಚ್ಚಿಗೆ ಎರಡು ದಿನ ಇರುವಾಗ ಫೋನು:
"ಸಿಮೆಂಟಿನ ಫೆರಿದೂನ್ ಬೇ ಅವರನ್ನು ತೆಗೆದುಬಿಡಿ."
ತೆಗೆಯುವುದೆಂದರೆ?
"ಕೈಬಿಟ್ಟಿದ್ದಾರೆ," ಅಂದಳು ಹುಡುಗಿ, ಪಿಸುದನಿಯಲ್ಲಿ.
"ನಿನ್ನೆ ಸಂಜೆ. ಹತ್ತು ಜನ ಸಾಕಂತೆ."

ಮನುಷ್ಯನನ್ನು ತೆಗೆಯುವುದು ಕಷ್ಟವಲ್ಲ.
ಹಿಂದಿನ ಬಾಸ್ಫರಸ್ಸಿನಿಂದ ಅಂಗೈಯಗಲ ನೀರು ತಂದು
ಅವರಿದ್ದಲ್ಲಿ ತುಂಬಿದೆ,
ಖಾಲಿ ಕಾಣದಿರಲೆಂದು ಒಂದು ದೋಣಿಯನ್ನೂ ಬಿಟ್ಟೆ.
ಟೀ ಕುಡಿದು ಬಂದು ನೋಡಿದರೆ
ವಿಮೆಯ ಮುನೀರೆ ಹನಮ್ ಅವರ ಎಡ ಹೆಗಲ ಮೇಲೆ
ನಾಲ್ಕು ಬೆರಳು.
ಎಲ್ಲರೂ ಕೈಬಿಟ್ಟಿದ್ದರು ಅವರನ್ನು,
ಕೈ ಮಾತ್ರ ಬಿಟ್ಟಿರಲಿಲ್ಲ.

ಕಚ್ಚಾ ಚಿತ್ರಗಳನ್ನು ತಿರುವಿದೆ:
ಮೂವತ್ತೇಳರಲ್ಲಿ ಆ ಕೈ ಇಲ್ಲ.
ಮೂವತ್ತೊಂಬತ್ತರಲ್ಲೂ ಇಲ್ಲ.
ಆರಿಸಿದ್ದು ಮೂವತ್ತೆಂಟನ್ನೇ, ಯಾಕೆಂದರೆ
ಅದೊಂದರಲ್ಲೇ ಹನ್ನೊಂದು ಜನರ ಕಣ್ಣೂ ತೆರೆದಿದ್ದವು.

ಅಳಿಸಲೇ ಎಂದು ಅವರ ಕಚೇರಿಗೆ ಬರೆದೆ,
ಹೆಗಲು ಅವರದಲ್ಲವೇ.
ಮಾರನೆಯ ಬೆಳಿಗ್ಗೆ ಕಿಟಕಿಯಲ್ಲೊಂದು ಜೊತೆ ಕಂದು ಬೂಟು
ಬಂದು ನಿಂತಿತು,
ಬಹಳ ಹೊತ್ತು ನಿಂತಿತು, ಆಮೇಲೆ ಮೆಟ್ಟಿಲಿಳಿಯಿತು.

"ದೊಡ್ಡದು ಮಾಡಿ," ಅಂದರು.
ನಡುಬೆರಳ ಉಗುರಿನಂಚಿಗೆ ಬೂದು ಗೆರೆ.
"ಇಜ್ಮಿತ್‌ನ ಲೆಕ್ಕದ ಕೋಣೆಯಲ್ಲಿ ನಮ್ಮಿಬ್ಬರಿಗೆ ಒಂದೇ ಒಲೆಯಿತ್ತು,
ಅದೂ ಹೊಗೆ ಕಾರುವುದು."
ನಾನು ಟೀ ಬಗ್ಗಿಸಿದೆ. ಅವರು ಮುಟ್ಟಲಿಲ್ಲ.
"ಮೊನ್ನೆ ಎಲ್ಲರೂ ಕೈ ಎತ್ತಿದರು," ಅಂದರು. "ನಾನೂ ಎತ್ತಿದೆ."
ಮೇಲೆ ಬೀಗದವನು ಯಾವುದೋ ಹಳೆಯ ಕೀಲಿ ಉಜ್ಜುತ್ತಿದ್ದ.
"ಮೂರು ಅಳಿಸಿ.
ಒಂದನ್ನು... ಏನಾದರೂ ಮಾಡಿ."

ಬ್ರೂಚು ಮಾಡಿದೆ. ಉಗುರಗಲದ ಬೆಳ್ಳಿ, ಮಾಸಲು.
ಹದಿನಾಲ್ಕನೇ ಪುಟದಲ್ಲಿ
ಅವರ ಹತ್ತಿರ ಇಲ್ಲದ ಒಡವೆ ತೊಟ್ಟು ಅವರು ನಕ್ಕಿದ್ದಾರೆ.

ನಿನ್ನೆ ಈ ವರ್ಷದ ಕಡತ ಬಂತು.
ಒಂಬತ್ತೇ ಜನ.
ಮುನೀರೆ ಹನಮ್ ತುದಿಯಲ್ಲಿ ನಿಂತಿದ್ದಾರೆ,
ಎಡ ಹೆಗಲ ಮೇಲೆ ಬೆಳ್ಳಿ ಬ್ರೂಚು, ನಿಜವಾದದ್ದು,
ಎಲ್ಲೋ ಹುಡುಕಿ ಮಾಡಿಸಿದ್ದು,
ಅಂಚಿಗೆ ಬೂದು ಗೆರೆ ಸಮೇತ.

ಅದನ್ನು ಮುಟ್ಟಲಿಲ್ಲ.
ಓರ್ಹುನ್ ಬೇ ಅವರ ಗಲ್ಲ ಎತ್ತಿದೆ,
ಅಧ್ಯಕ್ಷರನ್ನು ಎಂದಿನಂತೆ
ಎರಡು ಬೆರಳು ಎತ್ತರಿಸಿದೆ.