ಚಲಾವಣೆಗಲ್ಲ

ರೋಮಿನಿಂದ ಮೂರು ಡಬ್ಬಿ ಬಂದವು, ರಿಜಿಸ್ಟರ್ಡ್ ಅಂಚೆಯಲ್ಲಿ.
ಗೋರೊ ಮೀನುಗಾರರ ಸಂಘದ ಲೆಕ್ಕ ಬರೆಯುವವಳು ನಾನು,
ಸಹಿ ಹಾಕಿ ಬಿಡಿಸಿಕೊಂಡೆ.
ಕಪ್ಪು ಮಖಮಲ್ಲಿನ ಮೇಲೆ ಅಚ್ಚ ಬೆಳ್ಳಿಯ ನಾಣ್ಯ,
ನಾಣ್ಯದ ಮೇಲೆ ಏಡಿ.
ಕೊಂಬುಗಳಿಗಷ್ಟೇ ನೀಲಿ ಬಳಿದಿದ್ದಾರೆ,
ಶಾಲೆ ಹುಡುಗನ ಬೆರಳಿಗೆ ಶಾಯಿ ಮೆತ್ತಿದ ಹಾಗೆ.

ಜೊತೆಗೊಂದು ಚೀಟಿ:
‘ನಮ್ಮ ಕಡಲಿನ ಹೊಸ ನಿವಾಸಿಗಳು, ಮಾಲೆಯ ಮೊದಲನೆಯದು.
ಮುಖಬೆಲೆ ಐದು ಯೂರೊ. ಚಲಾವಣೆಗಲ್ಲ.’

ಚಲಾವಣೆಗಲ್ಲ!
ನೀವೆಸ್ ನಕ್ಕ ನಗೆಗೆ ಕಿಟಕಿಯ ಗಾಜು ನಡುಗಿತು.
ಹಿನ್ನೀರಿನ ಕೆಸರಲ್ಲಿ ಮರುವಾಯಿ ಬಿತ್ತಿದ್ದಳು,
ಅಕ್ಕಿಕಾಳಿನಷ್ಟು ಮರಿ,
ಕೂಸಿಗೆ ಹಲ್ಲು ಬರಲೆಂದು ಕಾದ ಹಾಗೆ ಕಾದಿದ್ದಳು.
ಆ ಬೇಸಿಗೆ ಕುಂಟೆ ಎಳೆದರೆ
ಬರೀ ಚೂರು. ಅಂಚು ಕಡಿದ ಚೂರು.
ಔತಣ ಮುಗಿಸಿ ಯಾರೋ ತಟ್ಟೆಗಳನ್ನೂ ಒಡೆದುಹೋದಂತೆ.
ಆ ತಿಂಗಳ ಪುಟದಲ್ಲಿ ಅವಳ ಹೆಸರಿನ ಮುಂದೆ
ನಾನೇ ಬರೆದಿದ್ದೆ ಒಂದು ಸೊನ್ನೆ,
ದುಂಡಗೆ, ಬೇಕೆಂದೇ ದೊಡ್ಡದಾಗಿ, ಸುಮಾರು ಇದೇ ಗಾತ್ರ.

ಈಗ ನಾಣ್ಯವನ್ನು ಬೆಳಕಿಗೆ ಹಿಡಿದು ಕಾಲು ಎಣಿಸಿದಳು.
ಕನ್ನಡಕ ಒರೆಸಿ ಮತ್ತೊಮ್ಮೆ ಎಣಿಸಿದಳು.
“ಎಂಟೇ. ಹಿಂದಿನೆರಡು ಎಲ್ಲಿ, ಹುಟ್ಟಿನಂಥವು?
ಕೆತ್ತಿದವನು ಏಡಿಯನ್ನು ಸಾರಿನಲ್ಲಷ್ಟೇ ಕಂಡವನು.
ಹುಟ್ಟೇ ಇಲ್ಲದೆ ಇದು ಅಮೆರಿಕದಿಂದ ಈಜಿ ಬಂತೇನು?”

ಮೂಲೆಯಲ್ಲಿ ಬಲೆ ಹೆಣೆಯುತ್ತಿದ್ದ ಎರ್ಮೆಸ್
ತಲೆ ಎತ್ತಲಿಲ್ಲ. ಮೊದಲು ಸರಕು ಹಡಗಿನಲ್ಲಿದ್ದವನು.
“ಈಜಿ ಬರಲಿಲ್ಲ,” ಅಂದ.
“ಹಡಗು ಖಾಲಿ ಇದ್ದರೆ ತೂಕಕ್ಕೆ ನೀರು ತುಂಬುತ್ತೇವೆ,
ಅಲ್ಲಿಯ ಬಂದರಿನ ನೀರು.
ಇಲ್ಲಿ ಬಂದು ಚೆಲ್ಲುತ್ತೇವೆ.
ತಿರುಗಿಸೋಕೆ ಒಂದು ಚಕ್ರ, ಒಂದು ಕೈ.
ಎಷ್ಟೋ ಸಲ ನಂದೇ.”

ಹೊರಗೆ ದೋಣಿ ಬಂದು ಕಟ್ಟೆಗೆ ತಾಗಿತು.
ಕ್ರೇಟುಗಳೊಳಗೆ ಕಟಕಟ, ಒಂದರ ಮೇಲೊಂದು ಹತ್ತುತ್ತ
ಎಲ್ಲಿಗೂ ತಲುಪದ ನೀಲಿ.
ಒಂದಿಷ್ಟು ಹೋಟೆಲಿಗೆ, ಮಿಕ್ಕಿದ್ದು ತೂಗಿ ಸುಡುವುದಕ್ಕೆ.
ಸುಡಲೂ ಕಿಲೋಗಿಷ್ಟೆಂದು ನಾವೇ ಕೊಡಬೇಕು.

ನೀವೆಸ್ ಎದ್ದಳು. ಉಪ್ಪಿಗೆ ಬಿರಿದ ಅವನ ಅಂಗೈ ಬಿಡಿಸಿ
ನಾಣ್ಯ ಇಟ್ಟಳು.
“ತಗೋ, ಅದರ ಟಿಕೆಟ್ಟಿನ ದುಡ್ಡು.
ಕೊಡದೇ ಇಳಿದುಬಂದಿತ್ತು.”
ಬೈದಳೋ, ಬಿಟ್ಟುಕೊಟ್ಟಳೋ.
ಅವನು ಮುಷ್ಟಿ ಮುಚ್ಚಲೂ ಇಲ್ಲ, ಹಿಂದಿರುಗಿಸಲೂ ಇಲ್ಲ.

ಎರಡು ಡಬ್ಬಿ ಕಪಾಟಿನಲ್ಲಿವೆ, ದಾಖಲಾಗಿದೆ.
ಮೂರನೆಯದರ ಸಾಲು ಹಾಗೇ ಬಿಟ್ಟಿದ್ದೇನೆ,
ಪೆನ್ಸಿಲಿನಲ್ಲಿ ಬರೀ ತಾರೀಖು.