ಭಾವಿಸತಕ್ಕದ್ದು

ಕ್ಯಾನ್‌ಬೆರಾದ ಜುಲೈ. ಕಾರಿನ ಗಾಜಿನ ಮೇಲೆ
ರಾತ್ರಿಯ ಇಬ್ಬನಿ ಉಪ್ಪಿನ ಹಾಗೆ ಹೆಪ್ಪುಗಟ್ಟಿದೆ.
ಒಂಬತ್ತಕ್ಕೆ ನಾನು ದಾಖಲೆಮನೆಯ ಬಾಗಿಲು ತೆಗೆಯುವಾಗ
ಥರ್ಜಾ ಪೆನ್‌ಹ್ಯಾಲೊ ಆಗಲೇ ಮೆಟ್ಟಿಲ ಮೇಲೆ,
ಕೈಯಲ್ಲಿ ಎರಡು ಪೆನ್ಸಿಲು. ಒಳಗೆ ಪೆನ್ನು ತರುವಂತಿಲ್ಲ.

ಸಂವಿಧಾನದ ಪಾಠ ಹೇಳುವಾಕೆ, ಅರವತ್ತು ದಾಟಿದೆ.
ಮೂರು ವಾರದಿಂದ ನನ್ನ ತಳ್ಳುಗಾಡಿ
ಲಾಳಿಯಂತೆ ಕಪಾಟಿಗೂ ಅವಳ ಮೇಜಿಗೂ ಓಡುತ್ತಿದೆ:
ಅಂಚೆ ಇಲಾಖೆ, ಸಿಬ್ಬಂದಿ, ಹೆಂಗಸರು.
ಕಟ್ಟಿನ ದಾರ ಬಿಚ್ಚಿದರೆ ಹಳೆ ಅಂಟಿನ ವಾಸನೆ,
ಆಮೇಲೆ ಸೀನು.

ಚಹಾದ ಹೊತ್ತಿಗೆ ಹಳೆಯ ಕಾಯಿದೆಯ ಸಾಲೊಂದನ್ನು ಓದಿದಳು.
ನಾನದನ್ನು ಒಳಗೇ ಕನ್ನಡ ಮಾಡಿಕೊಂಡೆ:
ಮದುವೆಯಾದ ಹೆಣ್ಣು ನೌಕರಳು, ಮದುವೆಯಾದ ಕ್ಷಣದಿಂದ,
ನಿವೃತ್ತಳೆಂದು ಭಾವಿಸತಕ್ಕದ್ದು.

ಭಾವಿಸತಕ್ಕದ್ದು.
ತಾಲೂಕು ಕಚೇರಿಯ ಗೋಡೆಗೆ ಅಂಟಿಸಿದ ಮಾತು.
ಅದರೊಳಗೊಂದು ಭಾವ ಇದೆ ನೋಡಿ,
ಯಾರದೆಂದು ಕೇಳುವಂತಿಲ್ಲ.
ಅವಳು ಬಿಟ್ಟಿಲ್ಲ, ಇವರು ಬಿಡಿಸಿಲ್ಲ,
ಪಾದ್ರಿ ಆಮೆನ್ ಅಂದದ್ದೇ ತಡ
ಇಲ್ಲಿ ಕುರ್ಚಿ ತಾನಾಗಿ ಖಾಲಿ.

ಮಧ್ಯಾಹ್ನ ಸಿಕ್ಕವಳು ಐವಿ ಟ್ರೆಂಬಾತ್.
ಬೆಂಡಿಗೊ ಟೆಲಿಫೋನ್ ಎಕ್ಸ್‌ಚೇಂಜು, ಮೂವತ್ತೇಳನೇ ಇಸವಿ.
ದನಿ ಸ್ಪಷ್ಟ. ಒಮ್ಮೆಯೂ ತಡವಾಗಿ ಬಂದವಳಲ್ಲ.
ಹಾಳೆ ಹದಿನಾಲ್ಕು, ಮೇಲ್ವಿಚಾರಕನ ಟಿಪ್ಪಣಿ:
ಸದರಿಯವರು ಬಗ್ಗಿದಾಗ ಕುಪ್ಪಸದೊಳಗಿಂದ
ದಾರಕ್ಕೆ ಪೋಣಿಸಿದ ಉಂಗುರ
ಈಚೆ ಬಂದದ್ದು ಕಂಡುಬಂದಿರುತ್ತದೆ.
ಹದಿನೈದು, ಒಂದು ಮುದ್ರೆ.
ಹದಿನೇಳು, ಹೆಡ್‌ಫೋನು ವಾಪಸು ಪಡೆದ ರಸೀದಿ.
ಹದಿನಾರು ಇಲ್ಲ.

ಗಾಡಿಯ ಹಿಡಿ ಬಿಡದೆ ನಿಂತೇ ಇದ್ದೆ.
ಕೊರಳಲ್ಲಿ ದಾರ, ದಾರದಲ್ಲಿ ಮದುವೆ.
ನಮ್ಮ ಕಡೆ ಇದಕ್ಕೊಂದು ಹೆಸರಿದೆ, ಅಂದೆ.
ಕಾಣದಿದ್ದರೆ ಕೇಳುತ್ತಾರೆ ನಮ್ಮವರು,
ಎಲ್ಲಿ ಅಂತ.
ಇವಳನ್ನು, ಕಂಡಿತು ಅಂತ ಕೇಳಿದ್ದಾರೆ.

ಥರ್ಜಾ ಕನ್ನಡಕ ತೆಗೆದು ಮೂಗು ತಿಕ್ಕಿದಳು.

ಗದಗಿನ ಮುನ್ಸಿಪಲ್ ಶಾಲೆಯಲ್ಲಿ ಉರು ಹೊಡೆದಿದ್ದೆ,
ಹದಿನಾಲ್ಕನೇ ವಿಧಿ, ಕಾನೂನಿನ ಮುಂದೆ ಎಲ್ಲರೂ ಸಮಾನರು,
ತಪ್ಪಿದರೆ ಅಂಗೈಗೆ ರೂಲುಕಟ್ಟಿಗೆ.
ನಿಮ್ಮದು ಎಷ್ಟನೆಯದು? ಕೇಳಿದೆ.
ಇಲ್ಲ, ಅಂದಳು. ಅಂಥ ವಿಧಿಯೇ ಇಲ್ಲ.
ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಇಲ್ಲದ್ದರ ಬಗ್ಗೆ.

ಇನ್ನೊಂದಿದೆ, ಅಂತ ನಕ್ಕಳು.
ಕೊನೆಯ ಕಲಮಿನಲ್ಲಿ. ತಿದ್ದುಪಡಿಗೆ ಜನಮತ ಕೇಳುವಾಗ
ಹೆಂಗಸರೂ ಓಟು ಹಾಕುವ ರಾಜ್ಯಗಳಲ್ಲಿ,
ಉಳಿದವರು ದಾರಿಗೆ ಬರುವ ತನಕ,
ಬಿದ್ದ ಓಟಿನಲ್ಲಿ ಅರ್ಧವನ್ನಷ್ಟೇ ಎಣಿಸಿ.
ಲೆಕ್ಕ ಹಾಕು: ಪ್ರತಿ ಹೆಂಗಸೂ ಅರ್ಧ, ಪ್ರತಿ ಗಂಡಸೂ ಅರ್ಧ.
ನಮ್ಮ ಸಂವಿಧಾನ ನಮ್ಮನ್ನು ಸಮ ಮಾಡಿದ್ದು
ಅದೊಂದೇ ಸಲ.

ಇಬ್ಬರೂ ನಕ್ಕೆವು. ಮೂಲೆಯಲ್ಲಿ ವಂಶವೃಕ್ಷ ಹುಡುಕುತ್ತಿದ್ದ ಮುದುಕ
ಶ್ ಅಂದ.

ಐವಿ ಅವಳ ಪುಸ್ತಕದಲ್ಲಿ ಅಡಿಟಿಪ್ಪಣಿ ಆಗುತ್ತಾಳಂತೆ,
ಸಂಖ್ಯೆ ಸಮೇತ, ಚಿಕ್ಕಕ್ಷರದಲ್ಲಿ.
ಸಾಕಾ? ಅಂದೆ.
ಸಾಲದು, ಅಂದಳು. ಆದರೆ ನ್ಯಾಯಾಧೀಶರು
ಮೊದಲು ಕಣ್ಣು ಹಾಯಿಸುವುದು ಅಲ್ಲಿಗೇ.
ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ.

ಐದಕ್ಕೆ ಹಾಳೆ ಎಣಿಸಿ ದಾರ ಕಟ್ಟುವುದು ನನ್ನ ಕೆಲಸ.
ಇಲ್ಲದ ಹಾಳೆಗೆ ಪಟ್ಟಿಯಲ್ಲೊಂದು ಕಾಲಮ್ಮಿದೆ.
ಕಳೆದಿದೆ ಎಂದು ಭಾವಿಸಲಾಗಿದೆ, ಅಂತ ಬರೆಯುವುದು ರೂಢಿ,
ಬರೆದರೆ ಆಮೇಲೆ ಯಾರೂ ಹುಡುಕುವುದಿಲ್ಲ.
ಪೆನ್ಸಿಲು ತುಸು ಹೊತ್ತು ಹಾಗೇ ನಿಂತಿತು.

ಹುಡುಕುತ್ತಿದ್ದೇವೆ, ಅಂತ ಬರೆದೆ.
ಬಗ್ಗಿ ರುಜು ಹಾಕುವಾಗ ನನ್ನ ಸರ
ಹಾಳೆಗೆ ತಾಗಿತು. ಒಳಗೆ ಸೇರಿಸಬೇಕು, ನಿಯಮ.
ಎಲ್ಲರಿಗೂ ದಿನಾ ಹೇಳುವವಳು ನಾನೇ.